ನೂರು ಕಿಲೋಗೆ ನಾಲ್ಕೂವರೆ ಕುದುರೆ: ಅಂಬಾಸಿಡರ್ ಮತ್ತು ಪದ್ಮಿನಿ

1950ರ ದಶಕದ ಕೊನೆಯಿಂದ ಎರಡು ದಶಕಕ್ಕೂ ಹೆಚ್ಚು ಕಾಲ ನಮ್ಮ ದೇಶದಲ್ಲಿ ಕಾರು ಕೊಳ್ಳಬೇಕೆಂದವರಿಗೆ ಇದ್ದದ್ದು ಮುಖ್ಯವಾಗಿ ಎರಡೇ ಆಯ್ಕೆ. ಒಂದು, ಕೋಲ್ಕತ್ತದ ಪಕ್ಕದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್. ಇನ್ನೊಂದು, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100. ಇದೇ ಕಾರಿಗೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಮದರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಬರುತ್ತಿತ್ತಾದರೂ ರಸ್ತೆಯ ಮೇಲೆ ಅದರ ಸಂಖ್ಯೆ ಕಡಿಮೆ.

ಈ ಎರಡರಲ್ಲಿ ಯಾವುದು ಒಳ್ಳೆಯದು ಎಂಬ ವಾದ ಗ್ಯಾರೇಜುಗಳಲ್ಲಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಎಂದೂ ಮುಗಿಯಲಿಲ್ಲ. ಅಂಬಾಸಿಡರ್‌ಗೆ ಎಳೆತ ಜಾಸ್ತಿ, ಫಿಯೆಟ್‌ಗೆ ಪಿಕಪ್ ಜಾಸ್ತಿ ಎಂಬ ಧಾಟಿಯ ಮಾತನ್ನು ಹಳೆಯ ಚಾಲಕರಿಂದ ಈಗಲೂ ಕೇಳಬಹುದು. ಅನುಭವದಿಂದ ಹುಟ್ಟಿದ ಈ ಮಾತಿನಲ್ಲಿ ಎಷ್ಟು ಹುರುಳಿದೆ? ಅದಕ್ಕೆ ಭೌತವಿಜ್ಞಾನದ ಉತ್ತರವೇನು? ಹೈಸ್ಕೂಲಿನಲ್ಲಿ ಕಲಿತ ಸೂತ್ರಗಳು ಸಾಕು, ಈ ಹಳೆಯ ವಾದವನ್ನು ಬಹುಮಟ್ಟಿಗೆ ತೀರ್ಮಾನಿಸಬಹುದು.

ಎರಡು ಊರು, ಎರಡು ವಂಶ

ಮೊದಲು ಇವುಗಳ ಹಿನ್ನೆಲೆ ನೋಡೋಣ. ಎಂಜಿನ್ನಿನ ಗುಣದಲ್ಲಿ ಅದರ ವಂಶದ ಪಾಲು ದೊಡ್ಡದು.

ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯನ್ನು ಬಿ.ಎಂ. ಬಿರ್ಲಾ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಸ್ಥಾಪಿಸಿದರು. 1948ರಲ್ಲಿ ಕಾರ್ಖಾನೆ ಉತ್ತರಪಾರಾಕ್ಕೆ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯ ಅಚ್ಚುಗಳನ್ನು ತಂದು, ಅಂಬಾಸಿಡರ್ ಎಂಬ ಹೆಸರಿಟ್ಟು 1950ರ ದಶಕದ ಕೊನೆಯಲ್ಲಿ ತಯಾರಿಸಲು ಶುರುಮಾಡಿದರು. ಮೊದಲ ಕಾರುಗಳಲ್ಲಿದ್ದದ್ದು 1,476 ಸಿಸಿಯ ಸೈಡ್ ವಾಲ್ವ್ ಎಂಜಿನ್. ಸ್ವಲ್ಪ ಕಾಲದಲ್ಲೇ ಅದರ ಜಾಗಕ್ಕೆ ವಾಲ್ವುಗಳು ಸಿಲಿಂಡರಿನ ನೆತ್ತಿಯ ಮೇಲಿರುವ 1,489 ಸಿಸಿಯ ಎಂಜಿನ್ ಬಂತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಎಂಬ ಹೆಸರಾಂತ ಕುಟುಂಬದ ಎಂಜಿನ್ ಅದು.

ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಥೆಯಲ್ಲಿ ಮೈಸೂರಿನ ಪಾತ್ರವಿದೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಕಾರು ತಯಾರಿಸುವ ವಿವರವಾದ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹೂಡುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಕೈಗೂಡಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಮುಂಬಯಿಯಲ್ಲಿ ನನಸಾಯಿತು. ಇಟಲಿಯ ಫಿಯೆಟ್ ಜೊತೆ ಒಪ್ಪಂದವಾಗಿ, ದಾಂತೆ ಜಾಕೋಸಾ ಎಂಬ ಪ್ರತಿಭಾವಂತ ಎಂಜಿನಿಯರ್ ರೂಪಿಸಿದ ಫಿಯೆಟ್ 1100 ಇಲ್ಲಿ ತಯಾರಾಗತೊಡಗಿತು. 1953ರಲ್ಲಿ ಇಟಲಿಯಲ್ಲಿ ಬಿಡುಗಡೆಯಾದ ಕಾರಿದು. ಆದರೆ ಅದರ 1,089 ಸಿಸಿ ಎಂಜಿನ್ನಿನ ಮೂಲ ಇನ್ನೂ ಹಳೆಯದು: 1937ರ ಫಿಯೆಟ್ ಕಾರೊಂದರಲ್ಲಿ ಅದು ಮೊದಲು ಕಾಣಿಸಿಕೊಂಡಿತ್ತು. ಎರಡನೇ ಮಹಾಯುದ್ಧಕ್ಕೂ ಮೊದಲಿನ ಒಂದು ವಿನ್ಯಾಸ ಇಪ್ಪತ್ತನೇ ಶತಮಾನದ ಕೊನೆಯವರೆಗೂ ಭಾರತದ ರಸ್ತೆಗಳಲ್ಲಿ ದುಡಿಯಿತು. ಎಂಜಿನಿಯರಿಂಗ್ ಇತಿಹಾಸದಲ್ಲಿ ಇಷ್ಟು ದೀರ್ಘ ಬಾಳು ಅಪರೂಪ.

ಕಾಗದದ ಮೇಲೆ

ಈಗ ಅಂಕಿಅಂಶಗಳಿಗೆ ಬರೋಣ. ವರ್ಷ ಹಾಗೂ ಮಾದರಿಗೆ ತಕ್ಕಂತೆ ಇವು ಅಷ್ಟಿಷ್ಟು ಬದಲಾಗುತ್ತವೆ. ಅರವತ್ತು, ಎಪ್ಪತ್ತರ ದಶಕದ ಪೆಟ್ರೋಲ್ ಕಾರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಅಂಬಾಸಿಡರ್: ನಾಲ್ಕು ಸಿಲಿಂಡರ್, 1,489 ಸಿಸಿ. ನಿಮಿಷಕ್ಕೆ 4,200 ಸುತ್ತಿನಲ್ಲಿ ಸುಮಾರು 50 ಅಶ್ವಶಕ್ತಿ. 2,400 ಸುತ್ತಿನ ಆಸುಪಾಸಿನಲ್ಲಿ ಸುಮಾರು 106 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಉದ್ದ ಸುಮಾರು 4.3 ಮೀಟರ್, ಅಗಲ 1.68 ಮೀಟರ್, ಎತ್ತರ 1.6 ಮೀಟರ್. ಖಾಲಿ ಕಾರಿನ ತೂಕ ಸುಮಾರು 1,120 ಕಿಲೋ.

ಪದ್ಮಿನಿ: ನಾಲ್ಕು ಸಿಲಿಂಡರ್, 1,089 ಸಿಸಿ. 4,800 ಸುತ್ತಿನಲ್ಲಿ ಸುಮಾರು 40 ಅಶ್ವಶಕ್ತಿ. 3,000 ಸುತ್ತಿನ ಆಸುಪಾಸಿನಲ್ಲಿ ಸುಮಾರು 71 ನ್ಯೂಟನ್ ಮೀಟರ್ ಟಾರ್ಕ್. ಉದ್ದ ಸುಮಾರು 3.9 ಮೀಟರ್, ಅಗಲ 1.46 ಮೀಟರ್, ಎತ್ತರ 1.47 ಮೀಟರ್. ಖಾಲಿ ತೂಕ ಸುಮಾರು 895 ಕಿಲೋ.

ಮೇಲುನೋಟಕ್ಕೆ ಅಂಬಾಸಿಡರ್ ಬಲಶಾಲಿ. 50 ಎಲ್ಲಿ, 40 ಎಲ್ಲಿ? ಆದರೆ ಎಂಜಿನ್ ಮೊದಲು ಎಳೆಯಬೇಕಾದದ್ದು ತನ್ನದೇ ಕಾರನ್ನು. ಆದ್ದರಿಂದ ಅಶ್ವಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಬೇಕು. ಅಂಬಾಸಿಡರ್‌ನಲ್ಲಿ ಪ್ರತಿ ಟನ್ನಿಗೆ 44.6 ಅಶ್ವಶಕ್ತಿ ಸಿಗುತ್ತದೆ. ಪದ್ಮಿನಿಯಲ್ಲಿ 44.7. ಅಂದರೆ ಎರಡರಲ್ಲೂ ನೂರು ಕಿಲೋಗೆ ಸುಮಾರು ನಾಲ್ಕೂವರೆ ಕುದುರೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಂಗ್ಲೆಂಡ್ ಮತ್ತು ಇಟಲಿಯ ಎಂಜಿನಿಯರುಗಳು ಕಾರಿಗೆ ಇಷ್ಟು ಬಲ ಸಾಕು ಎಂಬ ಒಂದೇ ತೀರ್ಮಾನಕ್ಕೆ ಬಂದಿದ್ದರು.

ಗರಿಷ್ಠ ವೇಗದ ವಿಷಯಕ್ಕೆ ಬಂದರೂ ಇದೇ ಕಥೆ. ಸಮತಟ್ಟು ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಕಾರಿನ ದೊಡ್ಡ ಶತ್ರು ಗಾಳಿ. ಗಾಳಿಯ ತಡೆ ಕಾರಿನ ಎದುರುಭಾಗದ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಗಲ ಮತ್ತು ಎತ್ತರವನ್ನು ಗುಣಿಸಿ, ಮೂಲೆಗಳು ದುಂಡಗಿರುವುದಕ್ಕೆ ಶೇಕಡಾ 20 ಕಳೆದರೆ ಅಂಬಾಸಿಡರ್‌ಗೆ ಸುಮಾರು 2.15 ಚದರ ಮೀಟರ್, ಪದ್ಮಿನಿಗೆ 1.7 ಚದರ ಮೀಟರ್. ಅಂಬಾಸಿಡರ್ ಕಾಲುಭಾಗ ಹೆಚ್ಚು ಗಾಳಿಯನ್ನು ಸೀಳಬೇಕು. ಅದರ ಅಶ್ವಶಕ್ತಿಯೂ ಕಾಲುಭಾಗವೇ ಹೆಚ್ಚು. ಎರಡೂ ಕಾರುಗಳು ಗಂಟೆಗೆ 120 ಕಿಲೋಮೀಟರಿನ ಆಸುಪಾಸಿನಲ್ಲೇ ಸುಸ್ತಾಗುತ್ತಿದ್ದುದಕ್ಕೆ ಇದೇ ಕಾರಣ. ಅಲ್ಲಿಂದ ಮುಂದೆ ಹೋಗುವುದು ಸುಲಭವಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಲು ಮೂರನೇ ಒಂದು ಭಾಗದಷ್ಟು ಹೆಚ್ಚುವರಿ ಶಕ್ತಿ ಬೇಕು.

ಮೂರನೆಯ ಹೋಲಿಕೆ ಎಂಜಿನ್ನಿನ ಒಳಗಿದೆ. ಅಂಬಾಸಿಡರ್‌ನ ಪಿಸ್ಟನ್ ಒಮ್ಮೆ ಮೇಲಿಂದ ಕೆಳಕ್ಕೆ 88.9 ಮಿಲಿಮೀಟರ್ ಚಲಿಸುತ್ತದೆ. ಪದ್ಮಿನಿಯದು 75 ಮಿಲಿಮೀಟರ್. ಗರಿಷ್ಠ ಶಕ್ತಿಯ ಹೊತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಲೆಕ್ಕಹಾಕಿದರೆ ಅಂಬಾಸಿಡರ್‌ಗೆ ಸೆಕೆಂಡಿಗೆ ಸುಮಾರು 12.4 ಮೀಟರ್, ಪದ್ಮಿನಿಗೆ 12 ಮೀಟರ್. ಅಂದಿನ ಲೋಹ, ಅಂದಿನ ಎಣ್ಣೆ, ಅಂದಿನ ಬೇರಿಂಗುಗಳು ವರ್ಷಾನುಗಟ್ಟಲೆ ತಾಳಿಕೊಳ್ಳಬಲ್ಲ ಮಿತಿ ಅದು. ಪದ್ಮಿನಿಯ ಎಂಜಿನ್ ಹೆಚ್ಚು ಸುತ್ತು ತಿರುಗಲು ಸಾಧ್ಯವಾದದ್ದು ಅದರ ಪಿಸ್ಟನ್ ಕ್ರಮಿಸುವ ದೂರ ಕಡಿಮೆ ಇದ್ದುದರಿಂದ.

ಹಾಗಾದರೆ ಇವೆರಡೂ ಒಂದೇ ಎನ್ನಬೇಕೆ? ಇಲ್ಲ. ಇದುವರೆಗಿನ ಲೆಕ್ಕದಲ್ಲಿ ಕಾರು ಖಾಲಿ ಇತ್ತು, ರಸ್ತೆ ಸಮತಟ್ಟಾಗಿತ್ತು. ನಮ್ಮ ದೇಶದಲ್ಲಿ ಕಾರು ಖಾಲಿ ಓಡಿದ್ದು ಕಡಿಮೆ.

ಜನ ಹತ್ತಿದ ಮೇಲೆ

ಎರಡೂ ಕಾರುಗಳಲ್ಲಿ ಗೇರ್ ಹಿಡಿ ಇದ್ದದ್ದು ಸ್ಟಿಯರಿಂಗ್ ಕಂಬದ ಮೇಲೆ. ಹೀಗಾಗಿ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿತ್ತು. ಅಲ್ಲೂ ಮೂವರು ಕೂರುತ್ತಿದ್ದರು. ಮದುವೆಗೋ ಧರ್ಮಸ್ಥಳಕ್ಕೋ ಹೊರಟ ಸಂಸಾರವೆಂದರೆ ಐದಾರು ಜನ, ಜೊತೆಗೆ ಟ್ರಂಕು, ಹಾಸಿಗೆ ಸುರುಳಿ, ಅಕ್ಕಿಮೂಟೆ. ಒಟ್ಟು 400 ಕಿಲೋ ಎಂದು ಇಟ್ಟುಕೊಳ್ಳೋಣ.

ಅಂಬಾಸಿಡರ್‌ನ ತೂಕ ಈಗ 1,520 ಕಿಲೋ. ಹೆಚ್ಚಳ ಶೇಕಡಾ 36. ಪದ್ಮಿನಿಯದು 1,295 ಕಿಲೋ. ಹೆಚ್ಚಳ ಶೇಕಡಾ 45. ಟನ್ನಿಗೆ ಸಿಗುವ ಅಶ್ವಶಕ್ತಿ ಅಂಬಾಸಿಡರ್‌ನಲ್ಲಿ 33ಕ್ಕೆ ಇಳಿಯಿತು, ಪದ್ಮಿನಿಯಲ್ಲಿ 31ಕ್ಕೆ. ಖಾಲಿ ಇದ್ದಾಗ ಸರಿಸಮವಾಗಿದ್ದ ಕಾರುಗಳಲ್ಲಿ ಈಗ ಒಂದು ಮುಂದೆ ಬಂತು. ಅದೇ ಹೊರೆ ಭಾರದ ಕಾರಿಗೆ ಕಡಿಮೆ ಹೊರೆಯಾಗಿ ತೋರುತ್ತದೆ, ಹಗುರ ಕಾರಿಗೆ ಹೆಚ್ಚು. ಭಾರ ಎಂಬುದು ಎಲ್ಲ ಸಂದರ್ಭದಲ್ಲೂ ದೋಷವಲ್ಲ ಎಂಬುದನ್ನು ಈ ಒಂದು ಭಾಗಾಕಾರ ತೋರಿಸುತ್ತದೆ.

ಈಗ ಈ ಎರಡು ತುಂಬಿದ ಕಾರುಗಳನ್ನು ಘಟ್ಟ ಹತ್ತಿಸೋಣ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಾಗಲಿ, ಚಾರ್ಮಾಡಿ, ಶಿರಾಡಿಗಳಲ್ಲಾಗಲಿ, ಹಳೆಯ ಕಾರುಗಳ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಅಲ್ಲಿ. ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಒಂದು ನೇರ ಏರನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತಬೇಕು ಎಂದುಕೊಳ್ಳಿ. ಈ ವೇಗದಲ್ಲಿ ಗಾಳಿಯ ತಡೆ ಅಲ್ಪ. ಗುರುತ್ವ ಮತ್ತು ಟಯರುಗಳ ಉರುಳುವ ಘರ್ಷಣೆ, ಇವೆರಡನ್ನು ಗೆದ್ದರೆ ಸಾಕು. ಲೆಕ್ಕ ಹಾಕಿದರೆ ಅಂಬಾಸಿಡರ್‌ಗೆ ಸುಮಾರು 26 ಅಶ್ವಶಕ್ತಿ ಬೇಕು, ಪದ್ಮಿನಿಗೆ 22.

ಎರಡೂ ಎಂಜಿನ್ನುಗಳು ಅದಕ್ಕಿಂತ ಹೆಚ್ಚಿನ ಶಕ್ತಿಯವೇ. ಆದರೆ 50 ಅಶ್ವಶಕ್ತಿ ಎಂಬುದು 4,200 ಸುತ್ತಿನಲ್ಲಿ ಮಾತ್ರ ಸಿಗುವ ಶಕ್ತಿ. ಏರಿನಲ್ಲಿ ಎಂಜಿನ್ ಅಷ್ಟು ವೇಗವಾಗಿ ತಿರುಗುತ್ತಿರುವುದಿಲ್ಲ. ಶಕ್ತಿ ಎಂದರೆ ಟಾರ್ಕ್ ಮತ್ತು ಸುತ್ತುವ ವೇಗದ ಗುಣಲಬ್ಧ. ಎರಡೂ ಎಂಜಿನ್ನುಗಳು ನಿಮಿಷಕ್ಕೆ 2,400 ಸುತ್ತು ತಿರುಗುತ್ತಿವೆ ಎಂದಿಟ್ಟುಕೊಂಡರೆ ಅಂಬಾಸಿಡರ್‌ನಿಂದ ಆ ಕ್ಷಣದಲ್ಲಿ ಸುಮಾರು 36 ಅಶ್ವಶಕ್ತಿ ಸಿಗುತ್ತದೆ. ಬೇಕಾದದ್ದು 26, ಕೈಯಲ್ಲಿ ಇನ್ನೂ ಹತ್ತು ಉಳಿದಿದೆ. ಪದ್ಮಿನಿಯಿಂದ ಸಿಗುವುದು ಹೆಚ್ಚೆಂದರೆ 24. ಬೇಕಾದದ್ದು 22. ಗೇರ್ ಪೆಟ್ಟಿಗೆ ಮತ್ತು ಹಿಂದಿನ ಆ್ಯಕ್ಸಲ್ಲಿನಲ್ಲಿ ಸೋರಿಹೋಗುವ ಶಕ್ತಿಯನ್ನು ಕಳೆದರೆ ಉಳಿಯುವುದು ಸೊನ್ನೆ. ಮುಂದೆ ಒಂದು ಎತ್ತಿನಗಾಡಿ ಅಡ್ಡ ಬಂದು ವೇಗ ತಗ್ಗಿದರೆ ಎಂಜಿನ್ ಮುಕ್ಕರಿಸತೊಡಗುತ್ತದೆ. ಚಾಲಕ ಕೆಳಗಿನ ಗೇರಿಗೆ ಬಂದು ಸುತ್ತನ್ನು 3,000ಕ್ಕೆ ಏರಿಸಬೇಕು. ಆಗ 30 ಅಶ್ವಶಕ್ತಿ ಸಿಕ್ಕು ಕಾರು ಮತ್ತೆ ಚೇತರಿಸಿಕೊಳ್ಳುತ್ತದೆ.

ಹಳೆಯ ಚಾಲಕರು ಎಳೆತ ಎನ್ನುವುದು ಇದನ್ನೇ. ಕಡಿಮೆ ಸುತ್ತಿನಲ್ಲಿ ಹೆಚ್ಚು ಟಾರ್ಕ್ ಕೊಡುವ ಎಂಜಿನ್ ಗೇರ್ ಬದಲಿಸದೆ ಏರುತ್ತದೆ. ಅವರು ಪಿಕಪ್ ಎನ್ನುವುದು ಹಗುರವಾದ, ಚುರುಕಾಗಿ ಸುತ್ತು ಏರಿಸಿಕೊಳ್ಳುವ ಎಂಜಿನ್ನಿನ ಗುಣವನ್ನು. ಒಬ್ಬನೇ ಕೂತು ಪೇಟೆಯಲ್ಲಿ ಓಡಿಸುವಾಗ ಪದ್ಮಿನಿ ಚುರುಕೆನಿಸಿದ್ದು, ಆರು ಜನರ ಜೊತೆ ಘಟ್ಟದಲ್ಲಿ ಅದೇ ಕಾರು ಬಳಲಿದ್ದು, ಎರಡೂ ಸತ್ಯ.

ಬಾನೆಟ್ ತೆರೆದು ನೋಡಿದರೆ

ಈ ಗುಣಭೇದ ಎಲ್ಲಿಂದ ಬಂತು? ಅಂಬಾಸಿಡರ್‌ನ ಬಾನೆಟ್ ಎತ್ತಿ ನೋಡಿ. ವಿಶಾಲವಾದ ಜಾಗದ ನಡುವೆ ಉದ್ದನೆಯ ಎಂಜಿನ್. ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ. ಕಾರ್ಬ್ಯುರೇಟರ್ ಮತ್ತು ಹೊಗೆ ಹೊರಹೋಗುವ ಕೊಳವೆಗಳು ಒಂದೇ ಪಕ್ಕದಲ್ಲಿವೆ. ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಬರಲು ಇರುವುದು ಎರಡೇ ದ್ವಾರ. ಜೋಡಿ ಜೋಡಿ ಸಿಲಿಂಡರುಗಳು ಒಂದೊಂದನ್ನು ಹಂಚಿಕೊಂಡಿವೆ. ಹೊರಹೋಗಲು ಮೂರು ದ್ವಾರ. ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ. ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ತಜ್ಞ ಈ ಹೆಡ್ಡಿನ ದಹನ ಕೋಣೆಗಳಿಗೆ ಹೃದಯದ ಆಕಾರ ಕೊಟ್ಟಿದ್ದರು. ಒಳಬಂದ ಮಿಶ್ರಣ ಅಲ್ಲಿ ಸುಳಿಸುತ್ತಿ ಚೆನ್ನಾಗಿ ಉರಿಯುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಈ ಹಂಚಿಕೆಯ ದ್ವಾರಗಳಿಂದ ತೊಂದರೆಯಿಲ್ಲ; ಮಿಶ್ರಣ ವೇಗವಾಗಿ ನುಗ್ಗುವುದರಿಂದ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ಟಾರ್ಕ್ ಹೆಚ್ಚುತ್ತದೆ. ಸುತ್ತು ಏರಿದಂತೆ ಮಾತ್ರ ಉಸಿರು ಸಾಲುವುದಿಲ್ಲ.

ಪಿಸ್ಟನ್ನಿನ ಉದ್ದ ನಡೆಗೆ ಕಾರಣ ಬೇರೆಯದೇ. ಎರಡನೇ ಮಹಾಯುದ್ಧದ ನಂತರದ ಕೆಲವು ವರ್ಷಗಳವರೆಗೂ ಇಂಗ್ಲೆಂಡಿನಲ್ಲಿ ಕಾರಿನ ತೆರಿಗೆಯನ್ನು ಸಿಲಿಂಡರಿನ ವ್ಯಾಸದ ಮೇಲೆ ಹಾಕುತ್ತಿದ್ದರು. ವ್ಯಾಸ ಹೆಚ್ಚಿದರೆ ತೆರಿಗೆ ಹೆಚ್ಚು. ಹಾಗಾಗಿ ಅಲ್ಲಿನ ತಯಾರಕರು ಸಿಲಿಂಡರನ್ನು ಸಪೂರ ಮಾಡಿ ನಡೆಯನ್ನು ಉದ್ದ ಮಾಡುವುದು ರೂಢಿಯಾಗಿತ್ತು. ಬಿ ಸೀರೀಸ್ ಎಂಜಿನ್ನಿನ 89 ಮಿಲಿಮೀಟರ್ ನಡೆ 1947ರ ಆಸ್ಟಿನ್ ಎ40 ಕಾರಿನ 1,200 ಸಿಸಿ ಎಂಜಿನ್ನಿನಿಂದಲೇ ಬಂದದ್ದು. ವ್ಯಾಸವನ್ನು 65.5ರಿಂದ 73 ಮಿಲಿಮೀಟರಿಗೆ ಹಿಗ್ಗಿಸಿದರು, ನಡೆಯನ್ನು ಹಾಗೇ ಉಳಿಸಿಕೊಂಡರು. ಇಂಗ್ಲೆಂಡಿನ ತೆರಿಗೆ ಕಾನೂನಿನ ನೆರಳು ಹೀಗೆ ನಮ್ಮ ಘಟ್ಟದ ರಸ್ತೆಗಳವರೆಗೂ ಚಾಚಿತು.

ಪದ್ಮಿನಿಯ ಎಂಜಿನ್ ಬೇರೆ ಮನೋಧರ್ಮದ್ದು. ವ್ಯಾಸ 68, ನಡೆ 75 ಮಿಲಿಮೀಟರ್; ಎರಡರ ನಡುವೆ ಹೆಚ್ಚು ಅಂತರವಿಲ್ಲ. ಬ್ಲಾಕ್ ಕಬ್ಬಿಣದ್ದಾದರೂ ಹೆಡ್ ಅಲ್ಯುಮಿನಿಯಂ. ಅಲ್ಯುಮಿನಿಯಂ ಹಗುರ, ಶಾಖವನ್ನು ಬೇಗ ದಾಟಿಸುತ್ತದೆ. ಲೀಟರ್ ಲೆಕ್ಕದಲ್ಲಿ ನೋಡಿದರೆ ಪದ್ಮಿನಿ ಒಂದು ಲೀಟರ್ ಗಾತ್ರದಿಂದ ಸುಮಾರು 37 ಅಶ್ವಶಕ್ತಿ ತೆಗೆಯುತ್ತಿತ್ತು, ಅಂಬಾಸಿಡರ್ 34. ಆದರೆ ರೇಡಿಯೇಟರಿನಲ್ಲಿ ನೀರು ಬತ್ತಿ ಎಂಜಿನ್ ಕಾದರೆ ಕಬ್ಬಿಣಕ್ಕಿಂತ ಅಲ್ಯುಮಿನಿಯಂ ಬೇಗ ಡೊಂಕಾಗುತ್ತದೆ. ಬಿಸಿಯಾದಾಗ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ನಡುವಿನ ಗ್ಯಾಸ್ಕೆಟ್ ಒತ್ತಡಕ್ಕೆ ಸಿಲುಕುತ್ತದೆ. ಜಾಣ ಎಂಜಿನ್ನಿಗೆ ಜಾಗರೂಕ ಮಾಲೀಕ ಬೇಕಿತ್ತು.

ಒಂದು ಮಿತಿ ಎರಡಕ್ಕೂ ಸಮಾನವಾಗಿತ್ತು. ಆಗಿನ ನಮ್ಮ ಪೆಟ್ರೋಲಿನ ಆಕ್ಟೇನ್ ಮಟ್ಟ ಕಡಿಮೆ. ಮಿಶ್ರಣವನ್ನು ಹೆಚ್ಚು ಒತ್ತಿದರೆ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಅದು ಅಡ್ಡಾದಿಡ್ಡಿ ಸ್ಫೋಟಿಸಿ ಎಂಜಿನ್ ಬಡಿದುಕೊಳ್ಳುತ್ತಿತ್ತು. ಅದಕ್ಕೇ ಸಂಪೀಡನ ಅನುಪಾತವನ್ನು ಏಳರ ಆಸುಪಾಸಿನಲ್ಲಿ ಇಡಬೇಕಾಯಿತು. ಉಷ್ಣಗತಿಶಾಸ್ತ್ರದ ಆದರ್ಶ ಲೆಕ್ಕದಲ್ಲಿ ಅನುಪಾತ 7.2 ಇದ್ದರೆ ಇಂಧನದ ಶಾಖದ ಶೇಕಡಾ 55ರಷ್ಟು ಕೆಲಸವಾಗಿ ಬದಲಾಗಬಲ್ಲದು. 10 ಇದ್ದರೆ ಶೇಕಡಾ 60. ನಿಜವಾದ ಎಂಜಿನ್ನಿನಲ್ಲಿ ಸಿಗುವುದು ಇದರ ಅರ್ಧಕ್ಕಿಂತಲೂ ಕಡಿಮೆ. ಈ ಕಾರುಗಳು ಪೆಟ್ರೋಲ್ ಕುಡಿಯುತ್ತಿದ್ದುದಕ್ಕೆ ಕಾರ್ಖಾನೆಯಷ್ಟೇ ಅಂದಿನ ಇಂಧನವೂ ಕಾರಣ.

ಇಳಿಯುವಾಗಿನ ಪರೀಕ್ಷೆ

ಘಟ್ಟ ಹತ್ತಿದ್ದಾಯಿತು. ಇಳಿಯುವುದು ಅದಕ್ಕಿಂತ ಕಠಿಣ. ಎರಡೂ ಕಾರುಗಳ ನಾಲ್ಕೂ ಚಕ್ರಗಳಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಡ್ರಮ್ಮಿನೊಳಗೆ ಹುಟ್ಟಿದ ಶಾಖ ಬೇಗ ಹೊರಹೋಗುವುದಿಲ್ಲ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ, ಜನ ತುಂಬಿದ ಅಂಬಾಸಿಡರನ್ನು ನಿಲ್ಲಿಸಲು ಬ್ರೇಕುಗಳು ಸುಮಾರು 375 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿ ಬದಲಾಯಿಸಬೇಕು. ಪದ್ಮಿನಿಗೆ 320. ಅದೇ ಅಂಬಾಸಿಡರ್ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆಯಬೇಕಾದ ಶಕ್ತಿ ಸುಮಾರು 7,450 ಕಿಲೋಜೂಲ್. ಅಂದರೆ 80ರ ವೇಗದಿಂದ ಇಪ್ಪತ್ತು ಸಲ ಪೂರ್ತಿ ನಿಲ್ಲಿಸಿದಷ್ಟು! ಪದ್ಮಿನಿಗೆ ಲೆಕ್ಕ ಹಾಕಿದರೂ ಅದೇ ಇಪ್ಪತ್ತು ಬರುತ್ತದೆ. ಭಾಗಿಸುವಾಗ ತೂಕ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು ಎತ್ತರ ಮತ್ತು ವೇಗ ಮಾತ್ರ. ಘಟ್ಟದ ಇಳಿಜಾರು ಹಗುರ ಕಾರಿಗೂ ಭಾರದ ಕಾರಿಗೂ ರಿಯಾಯಿತಿ ಕೊಡುವುದಿಲ್ಲ.

ಅಷ್ಟು ಶಾಖ ಡ್ರಮ್ಮಿಗೆ ಹೋದರೆ ಬ್ರೇಕ್ ಸೋಲುತ್ತದೆ. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ನಿಯಮದ ಹಿಂದಿನ ವಿಜ್ಞಾನ ಇದು. ಕೆಳಗಿನ ಗೇರಿನಲ್ಲಿ ಎಂಜಿನ್ ಗಾಳಿಯನ್ನು ಎಳೆದು ಒತ್ತುತ್ತ, ಆ ಶಕ್ತಿಯ ದೊಡ್ಡ ಪಾಲನ್ನು ತಾನೇ ನುಂಗಿಕೊಂಡು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹಾಕುತ್ತದೆ. ದೊಡ್ಡ ಎಂಜಿನ್ನಿನ ಅಂಬಾಸಿಡರ್‌ಗೆ ಇಲ್ಲಿಯೂ ತುಸು ಅನುಕೂಲವಿತ್ತು.

ರಸ್ತೆ, ಚಕ್ರ, ತಿರುವು

ಅಂಬಾಸಿಡರ್‌ನ ಚಕ್ರ 15 ಇಂಚು, ಪದ್ಮಿನಿಯದು 14. ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವಿನ ಅಂತರ ಅಂಬಾಸಿಡರ್‌ನಲ್ಲಿ ಸುಮಾರು 2.46 ಮೀಟರ್, ಪದ್ಮಿನಿಯಲ್ಲಿ 2.34 ಮೀಟರ್. ದೊಡ್ಡ ಚಕ್ರ ಗುಂಡಿಯೊಳಗೆ ಕಡಿಮೆ ಇಳಿಯುತ್ತದೆ. ಉದ್ದನೆಯ ಅಂತರ ಇದ್ದರೆ ಕಾರು ಮುಂದಕ್ಕೂ ಹಿಂದಕ್ಕೂ ಕಡಿಮೆ ತೂಗುತ್ತದೆ. ಅಂಬಾಸಿಡರ್‌ನ ಮುಂಭಾಗವನ್ನು ಹೊತ್ತಿದ್ದದ್ದು ತಿರುಚಿದರೆ ಮರಳಿ ನೆಟ್ಟಗಾಗುವ ಉಕ್ಕಿನ ಸರಳು. ಮಾರಿಸ್ ಮೈನರ್ ಕಾರಿನಲ್ಲಿ ಅಲೆಕ್ ಇಸಿಗೋನಿಸ್ ಬಳಸಿದ ಉಪಾಯವದು. ಪದ್ಮಿನಿಯಲ್ಲಿ ಮುಂದೆ ಸುರುಳಿ ಸ್ಪ್ರಿಂಗ್. ಹಿಂದೆ ಎರಡಕ್ಕೂ ಪಟ್ಟಿ ಸ್ಪ್ರಿಂಗುಗಳೇ. ಹಳ್ಳಿಯ ಮೆಕ್ಯಾನಿಕ್ಕಿಗೂ ಬಿಚ್ಚಿ ಜೋಡಿಸಲು ಬರುವಂಥವು.

ಕಿರಿದಾದ ಗಲ್ಲಿಗಳಲ್ಲಿ ಮಾತ್ರ ಪದ್ಮಿನಿಯದೇ ಮೇಲುಗೈ. ಇಪ್ಪತ್ತು ಸೆಂಟಿಮೀಟರ್ ಕಡಿಮೆ ಅಗಲ, ನಲವತ್ತು ಸೆಂಟಿಮೀಟರ್ ಕಡಿಮೆ ಉದ್ದ, ಕಡಿಮೆ ಪೆಟ್ರೋಲು. ಪೇಟೆಯಲ್ಲಿ ನಿಂತು ಹೊರಡುವ ಪ್ರತಿ ಸಲವೂ ಕಾರಿನ ತೂಕವನ್ನು ಹೊಸದಾಗಿ ಚಲಿಸುವಂತೆ ಮಾಡಬೇಕು. ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ವ್ಯರ್ಥ. ಖಾಲಿ ಪದ್ಮಿನಿ 225 ಕಿಲೋ ಹಗುರ. ನಿಂತು ನಿಂತು ಸಾಗುವ ಊರಿನಲ್ಲಿ ಈ ಉಳಿತಾಯ ದಿನವಿಡೀ ಲೆಕ್ಕಕ್ಕೆ ಬರುತ್ತದೆ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ಪದ್ಮಿನಿಗಳು ಆಳಿದ್ದಕ್ಕೂ, ಸರ್ಕಾರಿ ಕೆಲಸಕ್ಕೆ ಜಿಲ್ಲೆ ಜಿಲ್ಲೆ ಸುತ್ತಬೇಕಾದ ಅಧಿಕಾರಿಗಳಿಗೆ ಬಿಳಿ ಅಂಬಾಸಿಡರ್ ಒಪ್ಪಿದ್ದಕ್ಕೂ ಈ ಲೆಕ್ಕಗಳು ಹೊಂದಿಕೆಯಾಗುತ್ತವೆ.

ತೀರ್ಪು

ಈ ಎರಡೂ ಕಾರುಗಳ ಕಾಲ ಮುಗಿಸಿದ್ದು ಇನ್ನೊಂದು ಅನುಪಾತ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಇದ್ದದ್ದು 796 ಸಿಸಿಯ ಪುಟ್ಟ ಎಂಜಿನ್, ಅಶ್ವಶಕ್ತಿ ನಲವತ್ತಕ್ಕಿಂತ ಕಡಿಮೆ. ಆದರೆ ಅದರ ತೂಕ ಸುಮಾರು 650 ಕಿಲೋ. ಟನ್ನಿಗೆ 55ಕ್ಕಿಂತ ಹೆಚ್ಚು ಅಶ್ವಶಕ್ತಿ. ದಶಕಗಳ ಕಾಲ ನಲವತ್ತೈದರಲ್ಲೇ ನಿಂತಿದ್ದ ಅಂಕಿಯನ್ನು ಚಿಕ್ಕ ಎಂಜಿನ್ ದಾಟಿತು, ದೊಡ್ಡದಾಗಿ ಅಲ್ಲ, ಹಗುರಾಗಿ. 1990ರ ದಶಕದಲ್ಲಿ ಅಂಬಾಸಿಡರ್‌ಗೆ 1,817 ಸಿಸಿಯ ಇಸುಜು ಎಂಜಿನ್ ಬಂದು ಬಲ 75 ಅಶ್ವಶಕ್ತಿಗೆ ಏರಿತಾದರೂ ಹೊತ್ತು ಮೀರಿತ್ತು. ಪದ್ಮಿನಿಯ ಉತ್ಪಾದನೆ ಶತಮಾನದ ತಿರುವಿನಲ್ಲಿ ನಿಂತಿತು. ಅಂಬಾಸಿಡರ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಓಡಾಟದ ಗಡುವು 2023ರ ಅಕ್ಟೋಬರಿನಲ್ಲಿ ಮುಗಿಯಿತು.

ಹಾಗಾದರೆ ಯಾವುದು ಒಳ್ಳೆಯ ಕಾರು? ತುಂಬಿದ ಹೊರೆ, ಕೆಟ್ಟ ರಸ್ತೆ, ಏರು ದಾರಿ ಇದ್ದಲ್ಲಿ ಅಂಬಾಸಿಡರ್. ಒಬ್ಬಿಬ್ಬರ ಓಡಾಟ, ಜನನಿಬಿಡ ಪೇಟೆ, ಇಂಧನದ ಉಳಿತಾಯ ಬೇಕಿದ್ದಲ್ಲಿ ಪದ್ಮಿನಿ. ಹಳೆಯ ಚಾಲಕರ ಅನುಭವದ ಮಾತನ್ನು ಲೆಕ್ಕ ಎತ್ತಿಹಿಡಿಯುತ್ತದೆ. ಇಂದು ಪೆಟ್ರೋಲಿನದೋ ವಿದ್ಯುತ್ತಿನದೋ ಯಾವ ಹೊಸ ವಾಹನದ ವಿವರಪಟ್ಟಿ ನಿಮ್ಮ ಕೈಗೆ ಬಂದರೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಅಶ್ವಶಕ್ತಿಗೆ ಮರುಳಾಗಬೇಡಿ. ಅದನ್ನು ತೂಕದಿಂದ ಭಾಗಿಸಿ. ನಿಮ್ಮ ಮನೆಯವರ, ನಿಮ್ಮ ಸಾಮಾನಿನ ತೂಕ ಸೇರಿಸಿ ಇನ್ನೊಮ್ಮೆ ಭಾಗಿಸಿ. ಟಾರ್ಕ್ ಎಷ್ಟು ಸುತ್ತಿನಲ್ಲಿ ಸಿಗುತ್ತದೆಂದು ಕೇಳಿ. ಆ ಮೂರು ಉತ್ತರಗಳನ್ನು ತಿಳಿದುಕೊಂಡು ಕೊಳ್ಳುವವರು ಮೋಸಹೋಗುವುದು ಕಡಿಮೆ.